ರಾಯಲ್ ಚಾಲೆಂಜರ್ಸ್ ಬೆಂಗಳೂರು: 2017ರ ಋತು

ಬೆಂಗಳೂರಿನ ವೃತ್ತಿಪರ ಕ್ರಿಕೆಟ್ ತಂಡ ರಾಯಲ್ ಚಾಲೆಂಜರ್ಸ್, ಇಂಡಿಯನ್ ಪ್ರೀಮಿಯರ್ ಲೀಗಿನ ಹತ್ತನೆಯ ಆವೃತ್ತಿಯಲ್ಲಿ ಎಂಟು ತಂಡಗಳ ಪೈಕಿ ಕೊನೆಯ ಸ್ಥಾನಕ್ಕಿಳಿದ ಋತು. ಹಿಂದಿನ ವರ್ಷ ಫೈನಲಿನಲ್ಲಿ ಕೇವಲ 8 ರನ್‌ಗಳಿಂದ ಸೋತಿದ್ದ ತಂಡ ಈ ಬಾರಿ 14 ಪಂದ್ಯಗಳಲ್ಲಿ 3 ಗೆದ್ದು 10 ಸೋತಿತು; ಒಂದು ಮಳೆಗೆ ರದ್ದಾಯಿತು. ಭುಜದ ಗಾಯದಿಂದ ಕೆ.ಎಲ್. ರಾಹುಲ್ ಇಡೀ ಋತುವಿಗೂ ನಾಯಕ ವಿರಾಟ್ ಕೊಹ್ಲಿ ಮೊದಲ ಪಂದ್ಯಗಳಿಗೂ ಲಭ್ಯರಿರಲಿಲ್ಲ. ಶೇನ್ ವಾಟ್ಸನ್ ನಾಯಕತ್ವ ವಹಿಸಿದರು. ಆದರೆ ಕುಸಿತಕ್ಕೆ ಗಾಯಗಳಷ್ಟೇ ಕಾರಣವಲ್ಲ. ಏಪ್ರಿಲ್ 23ರಂದು ಕೋಲ್ಕತ್ತದ ಈಡನ್ ಗಾರ್ಡನ್ಸಿನಲ್ಲಿ ಕೊಹ್ಲಿ, ಕ್ರಿಸ್ ಗೇಲ್, ಎ.ಬಿ. ಡಿವಿಲಿಯರ್ಸ್ ಮೂವರೂ ಆಡಿದಾಗಲೇ, 132ರ ಗುರಿ ಬೆನ್ನಟ್ಟಿದ ತಂಡ 9.4 ಓವರ್‌ಗಳಲ್ಲಿ 49ಕ್ಕೆ ಆಲೌಟಾಯಿತು. ಯಾರೂ ಎರಡಂಕಿ ಮುಟ್ಟಲಿಲ್ಲ. ಕೇದಾರ್ ಜಾಧವ್ ಅವರ 9 ರನ್ನೇ ಗರಿಷ್ಠ. ಇದು ಲೀಗಿನ ಕನಿಷ್ಠ ಮೊತ್ತದ ದಾಖಲೆಯಾಯಿತು. ತವರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದೊರೆತದ್ದು ಡೆಲ್ಲಿ ವಿರುದ್ಧದ ಒಂದೇ ಗೆಲುವು.