ಹಗರಣಕ್ಕೆ ಮುಖಪುಟ ಸಿಕ್ಕ ಬಗೆ: ಮುಂಧ್ರಾ ಪ್ರಕರಣದಿಂದ ಬಳ್ಳಾರಿಯವರೆಗೆ

ರಾಜಕೀಯ ಹಗರಣಗಳಿಗೆ ಪತ್ರಿಕೆಗಳು ಕೊಡುವ ಜಾಗಕ್ಕೆ ಓದುಗರ ಕುತೂಹಲವೇ ಕಾರಣ ಎಂದು ಹೇಳಿ ಸುಮ್ಮನಾಗುವುದು ರೂಢಿ. ಸ್ವತಂತ್ರ ಭಾರತದ ಮಟ್ಟಿಗೆ ಇನ್ನೂ ಗಟ್ಟಿಯಾದ ಕಾರಣ ಕಾನೂನಿನಲ್ಲಿ, ಸದನದ ಕಲಾಪದಲ್ಲಿ ಸಿಗುತ್ತದೆ.

ಕಾಂಗ್ರೆಸ್ ಸಂಸದ ಫಿರೋಜ್ ಗಾಂಧಿ ಮಂಡಿಸಿದ್ದ ಖಾಸಗಿ ಮಸೂದೆಯೊಂದು 1956ರಲ್ಲಿ ಕಾಯ್ದೆಯಾಯಿತು. ಸಂಸತ್ತಿನಲ್ಲಿ ನಡೆದುದನ್ನು ದುರುದ್ದೇಶವಿಲ್ಲದೆ, ಬಹುಮಟ್ಟಿಗೆ ನಿಜವಾಗಿ ವರದಿ ಮಾಡಿದ ಪತ್ರಿಕೆಗೆ ಅದು ರಕ್ಷಣೆ ಕೊಟ್ಟಿತು. ಮಂತ್ರಿಯ ಹೆಸರೆತ್ತಿ ಆರೋಪ ಅಚ್ಚು ಹಾಕುವ ಸಂಪಾದಕನನ್ನು ಕಾಡುವ ಮಾನನಷ್ಟ ಮೊಕದ್ದಮೆಯ ಭಯದೆದುರು ಇದು ದೊಡ್ಡ ಆಸರೆ. ಮರುವರ್ಷವೇ ಅದರ ಬೆಲೆ ಗೊತ್ತಾಯಿತು. 1957ರ ಡಿಸೆಂಬರ್‌ನಲ್ಲಿ ಫಿರೋಜ್ ಗಾಂಧಿ, ತಮ್ಮದೇ ಪಕ್ಷದ ಸರ್ಕಾರದೆದುರು, ಜೀವ ವಿಮಾ ನಿಗಮವು ಉದ್ಯಮಿ ಹರಿದಾಸ್ ಮುಂಧ್ರಾ ಅವರ ಆರು ಕಂಪನಿಗಳಲ್ಲಿ ಸುಮಾರು 1.24 ಕೋಟಿ ರೂಪಾಯಿ ತೊಡಗಿಸಿದ್ದನ್ನು ಲೋಕಸಭೆಯಲ್ಲಿ ಪ್ರಶ್ನಿಸಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ಬಹಿರಂಗವಾಗಿ ವಿಚಾರಣೆ ನಡೆಸಿತು. ಅದನ್ನು ಕೇಳಲು ಜನ ಮುಗಿಬಿದ್ದರು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಸುದ್ದಿಮನೆಗೆ ಬೇಕಾದುದೆಲ್ಲ ಇಲ್ಲಿ ಒಟ್ಟಿಗೆ ಒದಗಿತು: ಒಂದು ಹೆಸರು, ಒಂದು ಮೊತ್ತ, ವಿಚಾರಣೆಯ ಮುಂದಿನ ತಾರೀಕು. ಬರಗಾಲಕ್ಕೂ ಅಪೌಷ್ಟಿಕತೆಗೂ ಇಂಥ ತಾರೀಕುಪಟ್ಟಿ ಇಲ್ಲ. ಆಳುವವರಿಗೂ 1956ರ ಆ ಕಾಯ್ದೆಯ ಬಲ ತಿಳಿದಿತ್ತು. ತುರ್ತು ಪರಿಸ್ಥಿತಿಯಲ್ಲಿ ಅದನ್ನು ರದ್ದು ಮಾಡಿದರು, 1977ರಲ್ಲಿ ಜನತಾ ಸರ್ಕಾರ ಮರಳಿ ತಂದಿತು.

ಜಾಹೀರಾತಿನ ಆಸೆಯೇ ಹಗರಣಗಳನ್ನು ಬೆಳೆಸುತ್ತದೆ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ಮುಟ್ಟದೆ, ಓದುಗರ ಕಾಸಿನಿಂದಲೇ ನಡೆದು, ಕರ್ನಾಟಕದ ಗುಂಡೂರಾವ್ ಸರ್ಕಾರವನ್ನು ವಾರವಾರವೂ ತರಾಟೆಗೆ ತೆಗೆದುಕೊಂಡಿತು. ಬೊಫೋರ್ಸ್ ಫಿರಂಗಿ ಖರೀದಿಯ ಪ್ರಕರಣದಲ್ಲಿ ಸದನವನ್ನೂ ಮೀರಿದ ದಾರಿ ತೆರೆಯಿತು. 1987ರ ಏಪ್ರಿಲ್‌ನಲ್ಲಿ ಸ್ವೀಡನ್ ರೇಡಿಯೊ ಲಂಚದ ಸುದ್ದಿ ಬಿತ್ತರಿಸಿತು. ಮರುವರ್ಷದಿಂದ ‘ದಿ ಹಿಂದೂ’ ದಾಖಲೆಗಳನ್ನೇ ಅಚ್ಚು ಹಾಕಿತು. ಕನ್ನಡಿಗ ಬಿ. ಶಂಕರಾನಂದ ಅಧ್ಯಕ್ಷರಾಗಿದ್ದ ಜಂಟಿ ಸಂಸದೀಯ ಸಮಿತಿಯ ವರದಿ ಲಂಚದ ಅನುಮಾನವನ್ನು ತಣಿಸಲಿಲ್ಲ.

ಹೆಸರು, ತಾರೀಕು ಸಿಕ್ಕಾಗಲೇ ಸುದ್ದಿಯಾಗುವ ಇದೇ ಕ್ರಮ ಬಳ್ಳಾರಿಯ ಅಕ್ರಮ ಗಣಿಗಾರಿಕೆಯಲ್ಲೂ ಕಾಣುತ್ತದೆ. ದೂಳು ಕುಡಿದ ಹೊಲಗಳು ವರ್ಷಗಟ್ಟಲೆ ಕಣ್ಣೆದುರಿಗೇ ಇದ್ದವು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂದು, ಮುಖ್ಯಮಂತ್ರಿ ಯಡಿಯೂರಪ್ಪ ಆ ತಿಂಗಳ ಕೊನೆಯಲ್ಲೇ ರಾಜೀನಾಮೆ ಕೊಟ್ಟಾಗ ದೇಶವೇ ಇತ್ತ ತಿರುಗಿತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅಕ್ರಮ ಅತಿ ಹೆಚ್ಚು ಕಂಡ ‘ಸಿ’ ವರ್ಗದ ಗಣಿ ಗುತ್ತಿಗೆಗಳನ್ನು ರದ್ದುಪಡಿಸಿತು, ಕೆಟ್ಟ ನೆಲದ ಪುನಶ್ಚೇತನಕ್ಕೆ ದಾರಿ ಹಾಕಿತು. ನೆಲವನ್ನು ಸರಿಪಡಿಸುವ ಆ ಕೆಲಸದಲ್ಲಿ ರಾಜೀನಾಮೆ ಕೊಡುವವರು ಯಾರೂ ಇಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರಿನ ರೈತನಿಗೆ ಬೇಕಾದ ಸುದ್ದಿ ಮಾತ್ರ ಅದೇ.