ಸಂಘಬಲವೂ ರಾಜ್ಯಾಧಿಕಾರವೂ

ಕಲಿಯುಗದಲ್ಲಿ ಸಂಘವೇ ಶಕ್ತಿಯೆಂಬ ನಾಣ್ಣುಡಿಯು ಎಷ್ಟರಮಟ್ಟಿಗೆ ನಿಜವೆಂಬುದನ್ನು ಮೈಸೂರು ದೇಶದ ಇತಿಹಾಸವು ತೋರಿಸಿಕೊಡುವುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳು ಜೀವನದಿಯಿಲ್ಲದ ಕೆರೆಸೀಮೆ. ಕೆರೆಯ ದುರಸ್ತಿಯಾಗಲಿ ಕಂದಾಯದ ರಿಯಾಯಿತಿಯಾಗಲಿ ಸರ್ಕಾರದ ಕೈಯಲ್ಲಿದ್ದುದರಿಂದ, ಕಚೇರಿಯಲ್ಲಿ ಯಾರು ಕುಳಿತಿರುವರೆಂಬುದು ಅಲ್ಲಿಯ ರೈತನಿಗೆ ಅನ್ನದ ಪ್ರಶ್ನೆಯೇ ಆಗಿದ್ದಿತು.

1881ರಲ್ಲಿ ದಿವಾನ್ ರಂಗಾಚಾರ್ಲುರವರು ಕೂಡಿಸಿದ ಪ್ರಜಾಪ್ರತಿನಿಧಿಸಭೆಗೆ ತಾಲ್ಲೋಕುಗಳಿಂದ ಭೂಮಿವಂತರಾದ ರೈತರೂ ವರ್ತಕರೂ ಆಹ್ವಾನಿಸಲ್ಪಟ್ಟರು. ಅಹವಾಲನ್ನು ಹೇಳಿಕೊಳ್ಳುವ ಅವಕಾಶವು ಅವರಿಗೆ ದೊರೆಯಿತು. ತೀರ್ಮಾನಿಸುವ ಅಧಿಕಾರವು ದೊರೆಯಲಿಲ್ಲ. ಸರ್ಕಾರದ ಹುದ್ದೆಗಳಾದರೋ, ಇಂಗ್ಲಿಷ್ ವಿದ್ಯೆಯನ್ನು ಮೊದಲು ಪಡೆದ ಬ್ರಾಹ್ಮಣರಲ್ಲಿಯೇ ಬಹುಮಟ್ಟಿಗೆ ಉಳಿದವು. ವಿದ್ಯೆಯೇ ಅಧಿಕಾರದ ಬಾಗಿಲೆಂದು ಮನಗಂಡ ಇತರ ಸಮಾಜಗಳು ಮೊದಲು ವಿದ್ಯೆಗಾಗಿಯೇ ಕೂಡಿದವು. 1905ರಲ್ಲಿ ಲಿಂಗಾಯತರ ವಿದ್ಯಾನಿಧಿಯ ಸಂಘವೂ, 1906ರಲ್ಲಿ ಒಕ್ಕಲಿಗರ ಸಂಘವೂ ಹುಟ್ಟಿದವು.

ಬೇರೆಬೇರೆಯಾಗಿ ಕೂಗಿದರೆ ಅರಮನೆಗೆ ಕೇಳಿಸದೆಂದರಿತು, 1917ರಲ್ಲಿ ಇವರೆಲ್ಲರೂ ಮುಸಲ್ಮಾನರೊಡಗೂಡಿ ಪ್ರಜಾಮಿತ್ರ ಮಂಡಳಿಯನ್ನು ಸ್ಥಾಪಿಸಿದರು. ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು ಅದಕ್ಕೆ ಪ್ರೇರಕರಾಗಿದ್ದರು. ಇವರ ಬಿನ್ನಹವನ್ನು ಮನ್ನಿಸಿ ನಾಲ್ವಡಿ ಕೃಷ್ಣರಾಜ ಒಡೆಯರವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ರವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಜಾತಿಯನ್ನು ನೋಡಿ ಹುದ್ದೆ ಕೊಟ್ಟರೆ ಆಡಳಿತದ ದಕ್ಷತೆಯು ಕುಂದುವುದೆಂದು ಬಗೆದ ದಿವಾನ್ ವಿಶ್ವೇಶ್ವರಯ್ಯನವರು ಅಧಿಕಾರವನ್ನೇ ತ್ಯಜಿಸಿದರು. ಏಳು ವರ್ಷಗಳೊಳಗಾಗಿ ಮೇಲಣ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟೂ, ಕೆಳಗಣ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದವರಿಗೆ ಸಲ್ಲಬೇಕೆಂದು ಸಮಿತಿಯು 1919ರಲ್ಲಿ ಸೂಚಿಸಿತು.

ಆದರೆ ಹುದ್ದೆಯನ್ನು ಕೊಡುವ ಕೈ ಸರ್ಕಾರದ್ದಾಗಿರುವವರೆಗೆ, ಬೇಡುವವರು ಸರ್ಕಾರವನ್ನು ಎದುರಿಸುವುದು ಕಷ್ಟ. ಪಟ್ಟಣದ ಮುಖಂಡರ ಈ ಪಕ್ಷಗಳು ಹಳ್ಳಿಗೆ ಆಳವಾಗಿ ಇಳಿಯಲೂ ಇಲ್ಲ. ಈ ಕೊರತೆಯನ್ನು ನೀಗಿಸುವುದರಲ್ಲಿ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರ ಪಾತ್ರವು ದೊಡ್ಡದು. ಅವರು ಮುಂದಾಳಾಗಿದ್ದ ಪ್ರಜಾಪಕ್ಷವು 1934ರಲ್ಲಿ ಪ್ರಜಾಮಿತ್ರ ಮಂಡಳಿಯೊಡನೆ ಸೇರಿ ಪ್ರಜಾಸಂಯುಕ್ತ ಪಕ್ಷವಾಯಿತು. 1937ರಲ್ಲಿ ಅದೂ ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ಮರುವರ್ಷದ ಏಪ್ರಿಲ್ 25ರಂದು, ಆಗ ಇದೇ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆ ನೆರೆದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಬಿದ್ದವರು ಯಾವ ಹುದ್ದೆಯನ್ನೂ ಬೇಡಬಂದವರಾಗಿರಲಿಲ್ಲ. 1947ರಲ್ಲಿ ಜವಾಬ್ದಾರಿ ಸರ್ಕಾರವು ಲಭಿಸಿ, ರೆಡ್ಡಿಯವರೇ ಪ್ರಥಮ ಮುಖ್ಯಮಂತ್ರಿಗಳಾದರು.

ವಿದ್ಯಾನಿಧಿಯೂ ವಿದ್ಯಾರ್ಥಿನಿಲಯವೂ ಇಲ್ಲದವರ ಗತಿಯೇನು? 1930ರಲ್ಲಿ ಕೋಲಾರದ ಚಿನ್ನದ ಗಣಿಗಳ ಕೂಲಿಗಾರರು, ಬೆರಳಚ್ಚು ಕೊಡಬೇಕೆಂಬ ಕಟ್ಟಳೆಯನ್ನು ವಿರೋಧಿಸಿ ಕೆಲಸವನ್ನು ನಿಲ್ಲಿಸಿದರು. ಅವರಿಗಿದ್ದ ಮನವಿಪತ್ರವು ಅದೊಂದೇ.

ಕಾಲಚಕ್ರವು ಉರುಳಿತು. ದೇವರಾಜ ಅರಸರ ಸರ್ಕಾರವು 1972ರಲ್ಲಿ ನೇಮಿಸಿದ ಹಾವನೂರು ಆಯೋಗವು, 1975ರ ತನ್ನ ವರದಿಯಲ್ಲಿ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿರಿಸಿತು. 1918ರಲ್ಲಿ ಬಾಗಿಲನ್ನು ತಟ್ಟಿದವರೇ ಒಳಗಿನವರೆಂದು ಎಣಿಸಲ್ಪಟ್ಟರು. ಸಮಾಜದಲ್ಲಿ ದೊಡ್ಡ ಅಸಮಾಧಾನವುಂಟಾಯಿತು. ನ್ಯಾಯಾನ್ಯಾಯಗಳ ವಾದವೇನೇ ಇರಲಿ, ಒಳಹೊಕ್ಕ ಸಂಘವು ಹೊರಗೆ ನಿಂತವನ ಬಡಿತಕ್ಕೆ ಕಿವಿಗೊಡುವುದೇ ಎಂಬುದೇ ಅದರ ಬಲದ ನಿಜವಾದ ಪರೀಕ್ಷೆ.