ಕೈಕಂಬ

ಉಪ್ಪಳದ ಬಳಿ, ಬಾಯಾರಿಗೆ ಹೋಗುವ ಮಾರ್ಗವು ಹೆದ್ದಾರಿಯಿಂದ ಕವಲೊಡೆಯುವಲ್ಲಿ, ಕೈಕಂಬವೆಂಬ ಪೇಟೆಯೊಂದಿದೆ. ಗುರುಪುರದಲ್ಲೊಂದು ಕೈಕಂಬ, ಬಂಟ್ವಾಳದ ಬಿ. ಸಿ. ರೋಡಿನ ಬಳಿ ಇನ್ನೊಂದು, ಸುಬ್ರಹ್ಮಣ್ಯದ ಸಮೀಪ ಮತ್ತೊಂದು. ಘಟ್ಟವನ್ನೇರಿದರೆ, ಚಿಕ್ಕಮಗಳೂರಿನಿಂದ ಬಾಬಾಬುಡನಗಿರಿಗೆ ಹೋಗುವವರಿಗೆ ಅದೇ ಅರ್ಥದ ಕೈಮರ ಎದುರಾಗುತ್ತದೆ. ಇವೆಲ್ಲವೂ ದಾರಿ ಒಡೆಯುವ ಸ್ಥಳಗಳೇ. ಕಂಬವೊಂದನ್ನು ನೆಟ್ಟು, ಚಾಚಿದ ಕೈಯಂತೆ ಅದಕ್ಕೆ ಹಲಗೆಯನ್ನು ಜೋಡಿಸಿ, ಇಂತಹ ಊರಿಗೆ ಇತ್ತ ಎಂದು ತೋರಿಸುತ್ತಿದ್ದ ಕಾಲದ ನೆನಪು ಈ ಹೆಸರುಗಳಲ್ಲಿ ಉಳಿದಿದೆ. ಕಂಬವೇ ಊರಿಗೆ ಹೆಸರಾಯಿತೆಂದ ಮೇಲೆ ದಾರಿಹೋಕರಿಗೆ ಅದು ಎಷ್ಟು ಬೇಕಾದ ವಸ್ತುವಾಗಿದ್ದಿತೆಂಬುದನ್ನು ವಿವರಿಸಬೇಕಾಗಿಲ್ಲ.

ಈ ಕಂಬದ ವಿಚಾರ ನಮ್ಮ ಮನಸ್ಸಿಗೆ ಬಂದುದು ಬೋವಿಕಾನದಲ್ಲಿ. ಕೆಲವು ವರ್ಷಗಳ ಹಿಂದೆ ಅಲ್ಲಿಯ ಪರಿಸರದ ಶಾಲೆಯೊಂದರಲ್ಲಿ ಮಕ್ಕಳ ಕಲೋತ್ಸವ ನಡೆದಾಗ, ದಾರಿ ತೋರಿಸುವ ಫಲಕಗಳು ಸರಿಯಾಗಿವೆಯೇ ಎಂದು ನೋಡುವ ಕೆಲಸವನ್ನು ನಾವು ಕೇಳಿ ಪಡೆದೆವು. ಅದಕ್ಕೆ ಕಾರಣವಿದ್ದಿತು. ಹಿಂದಿನ ವರ್ಷ ಬೇರೊಂದು ಕಡೆ, ನಮ್ಮ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಪದ್ಯವಾಚನಕ್ಕೆಂದು ಬಂದವಳು ವೇದಿಕೆ ಕಾಣದೆ ಅಲೆದು, ಅವಳ ಹೆಸರನ್ನು ಮೂರು ಸಲ ಕರೆದು ಮುಗಿಸಿದ ಮೇಲೆ ಬಾಗಿಲಿಗೆ ಬಂದು ನಿಂತಳು. ಅವಳ ಕೈಯಲ್ಲಿದ್ದ ಚೀಟಿಯಲ್ಲಿ ವೇದಿಕೆಯ ಸಂಖ್ಯೆಯಿದ್ದಿತು. ಫಲಕದಲ್ಲಿ ಕವಿಯೊಬ್ಬರ ಹೆಸರಿದ್ದಿತು, ಅದೂ ಅವಳು ಓದಲಾರದ ಲಿಪಿಯಲ್ಲಿ. ಈ ಉತ್ಸವವು ಶಾಲೆಯಿಂದ ಉಪಜಿಲ್ಲೆಗೆ, ಅಲ್ಲಿಂದ ಜಿಲ್ಲೆಗೆ, ಮತ್ತೆ ರಾಜ್ಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದು. ಒಂದು ಮೆಟ್ಟಿಲು ತಪ್ಪಿದರೆ ಆ ವರ್ಷ ಮುಗಿದಂತೆಯೇ. 1957ರಲ್ಲಿ ಎರ್ನಾಕುಳದಲ್ಲಿ ಮೊದಲುಗೊಂಡ ರಾಜ್ಯ ಕಲೋತ್ಸವವು 1991ರಲ್ಲಿ ಕಾಸರಗೋಡಿಗೂ 2019ರಲ್ಲಿ ಕಾಞಂಗಾಡಿಗೂ ಬಂದಿದ್ದಿತು. ಕನ್ನಡ ಪದ್ಯವಾಚನ, ಕನ್ನಡ ಭಾಷಣ, ಯಕ್ಷಗಾನಗಳಿಗೆ ಅದರಲ್ಲಿ ಸ್ಥಾನವಿದೆ. ಸ್ಥಾನವಿದ್ದರೂ ಅಲ್ಲಿಗೆ ಮುಟ್ಟುವ ದಾರಿ ತಿಳಿಯದಿದ್ದರೆ ಮಗುವಿಗೇನು ಪ್ರಯೋಜನ?

ಓದಲಾರದವನಿಗೆ ತಿಳಿಸುವುದು ಹೇಗೆಂಬುದು ನಮ್ಮ ನಾಡಿಗೆ ಹೊಸ ಪ್ರಶ್ನೆಯೇನಲ್ಲ. ದತ್ತಿ ಬಿಟ್ಟ ಭೂಮಿಯ ಎಲ್ಲೆಯಲ್ಲಿ ನಮ್ಮ ಹಿರಿಯರು ಮುದ್ರೆಗಲ್ಲುಗಳನ್ನು ನೆಡುತ್ತಿದ್ದರು. ಲಿಂಗವನ್ನು ಕೆತ್ತಿದ ಕಲ್ಲು ಶೈವ ದತ್ತಿಯ ಗುರುತು. ಕೊಡೆ ಹಿಡಿದ ವಾಮನನ ಕಲ್ಲು ಬ್ರಾಹ್ಮಣರಿಗೆ ಬಿಟ್ಟ ಭೂಮಿಯ ಗುರುತು. ಶಾಸನದ ನೆತ್ತಿಯಲ್ಲಿ ಕೊರೆದ ಸೂರ್ಯಚಂದ್ರರನ್ನು ಕಂಡವನಿಗೆ, ಕೆಳಗಿನ ಒಂದಕ್ಷರವನ್ನೂ ಓದದೆ, ಈ ದಾನ ಎಂದೆಂದಿಗೂ ನಿಲ್ಲತಕ್ಕದ್ದೆಂಬುದು ತಿಳಿಯುತ್ತಿದ್ದಿತು. ದನ ಮೇಯಿಸುವ ಹುಡುಗನೂ ಎಲ್ಲೆಯನ್ನು ಅರಿಯುತ್ತಿದ್ದನು. ಸ್ವತಂತ್ರ ಭಾರತದ 1951-52ರ ಮೊದಲ ಮಹಾಚುನಾವಣೆಯಲ್ಲಿ ಪಕ್ಷಗಳಿಗೆ ಚಿಹ್ನೆಗಳನ್ನು ಕೊಟ್ಟುದೂ ಇದೇ ವಿವೇಕದಿಂದ.

ಹೊರದೇಶಗಳಲ್ಲಿ ಈ ವಿದ್ಯೆ ಶಾಸ್ತ್ರವಾಗಿ ಬೆಳೆಯಿತು. ವಿಯೆನ್ನಾ ನಗರದಲ್ಲಿ ಆಟೋ ನ್ಯೂರಾತ್ ಎಂಬ ಪಂಡಿತನು 1925ರಲ್ಲಿ ಸ್ಥಾಪಿಸಿದ ವಸ್ತುಸಂಗ್ರಹಾಲಯದಲ್ಲಿ ಅಂಕಿಅಂಶಗಳನ್ನು ಸಾಮಾನ್ಯ ಜನರಿಗೆ ಚಿತ್ರಗಳ ಮೂಲಕ ತಿಳಿಸುವ ಕ್ರಮವನ್ನು ರೂಪಿಸಿದನು. ಜಪಾನಿನ ಟೋಕಿಯೋದಲ್ಲಿ 1964ರ ಒಲಿಂಪಿಕ್ಸ್ ನಡೆದಾಗ, ಬಂದವರಲ್ಲಿ ಬಹುಮಂದಿಗೆ ಆ ದೇಶದ ಲಿಪಿ ಬಾರದು. ಬಂದವರೆಲ್ಲರ ಭಾಷೆಗಳಲ್ಲಿ ಫಲಕ ಬರೆಯುವುದೂ ಆಗದ ಮಾತು. ಕತ್ಸುಮಿ ಮಸಾರು ಎಂಬವರ ನೇತೃತ್ವದಲ್ಲಿ ಕಲಾವಿದರು ಆಟಗಳಿಗೆಂದೇ 20 ಚಿಹ್ನೆಗಳನ್ನು ರಚಿಸಿದರು. ಶೌಚಾಲಯ, ದೂರವಾಣಿ ಮೊದಲಾದ ಸೌಕರ್ಯಗಳಿಗೆ ಬೇರೆ ಚಿಹ್ನೆಗಳಾದವು. ಅತಿಥಿಗೆ ತನ್ನ ಲಿಪಿ ಬಾರದೆಂಬುದನ್ನು ಆತಿಥೇಯನೇ ಮೊದಲು ಒಪ್ಪಿಕೊಂಡುದು ಅಲ್ಲಿಯ ವಿಶೇಷ.

ನಮ್ಮಲ್ಲಿಯ ಸಂಗತಿ ಇದಕ್ಕಿಂತ ತೊಡಕಿನದು. ಇಲ್ಲಿ ಲಿಪಿ ಬಾರದವನು ಅತಿಥಿಯಲ್ಲ, ಮನೆಯವನೇ. 1948ರಲ್ಲಿ ತಿ. ತಾ. ಶರ್ಮರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಾಸರಗೋಡಿನಲ್ಲಿ ಜರಗಿದಾಗ ಈ ತಾಲೂಕು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ಕನ್ನಡಿಗರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದೆಂಬುದಕ್ಕೆ ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಉತ್ಸವದ ಮುನ್ನಾದಿನ ಸಂಜೆ ಅವಸರದಲ್ಲಿ ಬಣ್ಣದ ಡಬ್ಬಿ ಹಿಡಿದವನ ಕೈಗೆ ಕಾಯಿದೆಯ ನೆನಪು ಬರುವುದಿಲ್ಲ. ಅವನು ದುರುದ್ದೇಶದಿಂದ ಬಿಟ್ಟನೆಂದು ನಾವು ಹೇಳಲಾರೆವು. ದಾರಿ ಬಲ್ಲವನು ದಾರಿ ಬಲ್ಲವರಿಗಾಗಿ ಬರೆಯುತ್ತಾನೆ, ಅಷ್ಟೆ.

ದಾರಿ ಬಲ್ಲವರ ಈ ದೋಷ ನಮ್ಮಲ್ಲಿಯೂ ಇದ್ದಿತು. ಕನ್ನಡ, ಮಲಯಾಳಗಳೆರಡರಲ್ಲಿಯೂ ಬರೆಯಿಸಿ, ಸಂಖ್ಯೆಯನ್ನು ದೊಡ್ಡದಾಗಿ ಹಾಕಿಸಿದ ಫಲಕಗಳನ್ನು ನಾವೇ ಎರಡು ಸುತ್ತು ನೋಡಿದೆವು. ಎಲ್ಲವೂ ಸರಿಯಾಗಿ ಕಂಡಿತು. ಕಾಣದೆ ಏನು? ಪ್ರತಿಯೊಂದು ಕೊಠಡಿಯೂ ನಮಗೆ ಗೊತ್ತಿದ್ದಿತು. ಕೊನೆಗೆ ಅಡೂರಿನ ಕಡೆಯ ಏಳನೆಯ ತರಗತಿಯ ಬಾಲಕನೊಬ್ಬನನ್ನು ಕರೆದು, “ಮಗೂ, ಬಸ್ಸಿನಿಂದ ಇಳಿದು ಐದನೆಯ ವೇದಿಕೆಗೆ ಹೋಗು. ಯಾರನ್ನೂ ಕೇಳಬೇಡ,” ಎಂದು ಹೇಳಿ, ನಾವು ಹತ್ತು ಮಾರು ಹಿಂದೆ ನಡೆದೆವು.

ಬಾಲಕನು ಮಾರ್ಗದಲ್ಲಿಯೇ ಶಾಲೆಯ ತಿರುವನ್ನು ದಾಟಿ ಮುಂದೆ ಹೋದನು. ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ಹೆದ್ದಾರಿಯದು. ನಮ್ಮ ಫಲಕವು ಚೆರ್ಕಳದ ಕಡೆಗೆ ಮುಖ ಮಾಡಿದ್ದಿತು; ಮುಳ್ಳೇರಿಯ, ಆದೂರುಗಳ ಕಡೆಯಿಂದ ಬರುವವರಿಗೆ ಅದರ ಬೆನ್ನು ಮಾತ್ರ ಕಾಣುತ್ತಿದ್ದಿತು. ಕನ್ನಡದ ಮಕ್ಕಳಲ್ಲಿ ಹೆಚ್ಚಿನವರು ಬರುವುದು ಆ ಕಡೆಯಿಂದಲೇ! ಹಿಂದಿನವರ ಕೈಕಂಬಕ್ಕೆ ಈ ಕೊರತೆಯಿರಲಿಲ್ಲ. ಚಾಚಿದ ಕೈ ಎರಡು ಕಡೆಯವರಿಗೂ ಕೈಯೇ.

ಅಂಗಳದಲ್ಲಿ ಇನ್ನೊಂದು ಫಲಕವನ್ನು ದಾರಿ ಒಡೆದ ಮೇಲೆ ಕಟ್ಟಿದ್ದರು. ಸರಿಯಾದ ದಾರಿ ಹಿಡಿದವನಿಗೆ ಮಾತ್ರ ಕಾಣುವ ಫಲಕವದು. ಮೆಟ್ಟಿಲಿನ ಬುಡದಲ್ಲಿ, ನೇರವಾಗಿ ಹೋಗಬೇಕೆಂಬುದಕ್ಕೆ ಬಾಣದ ಗುರುತನ್ನು ಮೇಲ್ಮುಖವಾಗಿ ಬರೆದಿದ್ದರು. ಬಾಲಕನು ಅದನ್ನು ನೋಡಿ ಮಹಡಿಯನ್ನೇರಿ, ಬೀಗ ಹಾಕಿದ ಕೊಠಡಿಯ ಮುಂದೆ ನಿಂತು ನಮ್ಮತ್ತ ನೋಡಿದನು. “ಮೇಲೆ ಅಂತ ಇತ್ತಲ್ಲ, ಸಾರ್,” ಎಂದನು. ಅವನ ತಪ್ಪೇನು? ಮತ್ತೊಂದು ಫಲಕ ದೊಡ್ಡವರ ಎದೆಮಟ್ಟದಲ್ಲಿದ್ದಿತು. ಮರುದಿನ ಜನ ಸೇರಿದರೆ ಅದು ಯಾರಿಗೂ ಕಾಣುವಂತಿರಲಿಲ್ಲ.

ರಾತ್ರಿ ಹತ್ತರವರೆಗೆ ಏಣಿ, ಹುರಿಹಗ್ಗ ಹಿಡಿದು ಎಲ್ಲವನ್ನೂ ಬದಲಾಯಿಸಿದೆವು. ಹೆದ್ದಾರಿಯ ಫಲಕದ ಬೆನ್ನಿನಲ್ಲಿಯೂ ಬರೆಯಿಸಿದೆವು. ಒಂದು ಕಡೆ ಎಡಕ್ಕೆ ತೋರಿಸುವ ಬಾಣ ಇನ್ನೊಂದು ಕಡೆ ಬಲಕ್ಕೆ ತೋರಿಸಬೇಕೆಂಬುದನ್ನು ಬರೆಯುವವನಿಗೆ ಎರಡು ಸಲ ಹೇಳಬೇಕಾಯಿತು.

ಹಿಂದಿನ ವರ್ಷ ಅವಕಾಶ ತಪ್ಪಿದ ಹುಡುಗಿ ಈ ಸಲವೂ ಬಂದಿದ್ದಳು. ಫಲಕಗಳನ್ನು ನೋಡಿಕೊಂಡು ಬಂದಳೋ, ಕೇಳಿಕೊಂಡು ಬಂದಳೋ, ನಾವು ವಿಚಾರಿಸಲಿಲ್ಲ. ಬೆಳಿಗ್ಗೆ ಐದನೆಯ ವೇದಿಕೆಯ ಬೀಗ ತೆಗೆಯಲು ಹೋದಾಗ, ಅವಳು ಪದ್ಯದ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕುಳಿತಿದ್ದಳು.